ಎದುರು ಪಕ್ಷದ ಮಗಳು

ಬಸ್ ಚಾಲಕರ ಸಂಘಕ್ಕೆ ಇಪ್ಪತ್ತು ವರ್ಷ ಕಾರ್ಯದರ್ಶಿಯಾಗಿದ್ದ ಅಪ್ಪ, ಮಗಳ ಓಟು ಯಾರಿಗೆಂದು ಕೇಳುವ ಅಗತ್ಯವೇ ಇಲ್ಲವೆಂದುಕೊಂಡಿದ್ದ. ಅವನ ತೊಡೆಯ ಮೇಲೆ ಕೂತು ಘೋಷಣೆ ಕಲಿತವಳು ಅವಳು. ಮತದಾನಕ್ಕೆ ವಾರವಿರುವಾಗ, ಮಧ್ಯಾಹ್ನ ಊಟಕ್ಕೆ ಕೂತವಳ ಚೀಲದಿಂದ ಎದುರು ಪಕ್ಷದ ಕರಪತ್ರಗಳು ಜಾರಿ ಬಿದ್ದವು. ಗೆದ್ದರೆ ಮುಷ್ಕರಗಳನ್ನೇ ನಿಷೇಧಿಸುತ್ತೇವೆ ಎಂದಿದ್ದ ಪಕ್ಷ ಅದು.

"ಯಾರೋ ಕೈಗೆ ತುರುಕಿರ್ಬೇಕು, ಅಲ್ವೇನೇ?"

"ಇಲ್ಲಪ್ಪ. ನಾನೇ ಹಂಚ್ತಿದೀನಿ."

ಅಪ್ಪನ ತುತ್ತು ಕೈಯಲ್ಲೇ ಉಳಿಯಿತು. "ಎಷ್ಟು ತಿದ್ದಿದ್ರೂ ಅಷ್ಟೇ. ಹೆತ್ತವರ ರಕ್ತ ಬಿಡುತ್ತಾ!"

ಅಮ್ಮ ಸೌಟು ಕೆಳಗಿಟ್ಟಳು.

"ಹೆತ್ತವರು ಅಂದ್ರೆ?" ಎಂದಳು ಮಗಳು.

ಇಪ್ಪತ್ತಾರು ವರ್ಷ ಮುಚ್ಚಿಟ್ಟಿದ್ದು ಹೀಗೆ ಬಾಯಿತಪ್ಪಿ ಹೊರಬಿತ್ತು. ಹತ್ತು ದಿನದ ಕೂಸನ್ನು ಆಸ್ಪತ್ರೆಯಿಂದ ತಂದಿದ್ದರು. ಹೆತ್ತವರು ಯಾರೆಂದು ಇವರಿಗೂ ತಿಳಿಯದು. ಅಮ್ಮ ಇಷ್ಟನ್ನು ಹೇಳುವಷ್ಟರಲ್ಲಿ ಸೆರಗು ಒದ್ದೆಯಾಗಿತ್ತು.

ಮಗಳು ಅಳಲಿಲ್ಲ. "ಯಾರು ಅಂತಾನೇ ಗೊತ್ತಿಲ್ದೆ ಅವರ ಮೇಲೆ ಹೊರಿಸ್ತೀರಲ್ಲಪ್ಪ! ನಂಗಾಗ ಏಳು ವರ್ಷ. ಬೆಳಕು ಹರಿಯೋ ಮುಂಚೆ ಪೊಲೀಸ್ನೋರು ಬಾಗಿಲು ಒಡೆದು ನಿಮ್ಮನ್ನ ಎಳ್ಕೊಂಡು ಹೋದ್ರು. ನಾನು ಮಂಚದ ಕೆಳಗೆ ಉಚ್ಚೆ ಹೊಯ್ಕೊಂಡು ಕೂತಿದ್ದೆ. ಬಿಟ್ಟು ಕಳಿಸಿದ್ರು, ಹಾರ ಹಾಕಿಸ್ಕೊಂಡ್ರಿ, ಮತ್ತೆ ಮುಷ್ಕರಕ್ಕೇ ಹೋದ್ರಿ. ಬೀದೀಲಿ ಗಲಾಟೆ ಇರಬಾರದು ಅನ್ನೋದನ್ನ ನಂಗೆ ಕಲಿಸಿದ್ದು ಈ ಮನೆ."

"ಪಕ್ಕದ ಮನೆ ಹುಡುಗಿಗೂ ಆಗ ಏಳೇ ವರ್ಷ," ಅಪ್ಪ ಗದರಿದ. "ಅವರಪ್ಪನ್ನೂ ಎಳ್ಕೊಂಡು ಹೋದ್ರು. ಅವಳು ಪೊಲೀಸ್ನೋನ ಕೈ ಕಚ್ಚಿದ್ಲು. ಇವತ್ತು ಸಂಘದಲ್ಲಿದಾಳೆ. ನೀನ್ಯಾಕೆ ಮಂಚದ ಕೆಳಗೆ ಹೋದೆ?"

ಮಗಳು ಊಟ ಬಿಟ್ಟು ಎದ್ದಳು. ಕೈ ತೊಳೆದು, ಕರಪತ್ರ ಆರಿಸಿಕೊಂಡು ಹೊರಟಳು.

"ಏಳು ವರ್ಷದ ಮಗೂನ ಕೇಳೋ ಪ್ರಶ್ನೆನಾ ಅದು?" ಎಂದಳು ಅಮ್ಮ. "ಮಂಚದ ಕೆಳಗಿಂದ ಅವಳನ್ನ ಎಳೆದು ಹೊರಗೆ ತಂದಿದ್ದು ನಾನು. ಎರಡು ದಿನ ಮಾತೇ ಆಡ್ಲಿಲ್ಲ. ನಿಮಗೆ ಹೇಳೋಕೆ, ನೀವೆಲ್ಲಿ ಮನೇಲಿದ್ರಿ?"

ಹೆತ್ತವರನ್ನು ಹುಡುಕಿ ಮಗಳು ಆಸ್ಪತ್ರೆಗೂ ಹೋಗಿ ಬಂದಳು. ಅಷ್ಟು ಹಳೆಯ ಕಡತಗಳನ್ನು ವಿಲೇವಾರಿ ಮಾಡಿದ್ದೇವೆ ಎಂದರು. ಮಂಚದ ಕೆಳಗೆ ಅಡಗಿಸಿದ ಆ ಅಂಜಿಕೆ ಯಾರಿಂದ ತನ್ನೊಳಗೆ ಬಂದಿತ್ತೋ, ಕೇಳಲು ಯಾರೂ ಸಿಗಲಿಲ್ಲ. ಮನೆ ಬಿಟ್ಟು ಗೆಳತಿಯೊಬ್ಬಳ ಜೊತೆ ಕೋಣೆ ಹಿಡಿದಳು.

ಅವಳ ಪಕ್ಷ ಗೆದ್ದಿತು. ಮೂರು ತಿಂಗಳಲ್ಲಿ ಸಂಘದ ಕಚೇರಿಗೆ ಬೀಗ ಬಿತ್ತು. ಆ ಸಂಜೆ ಅಮ್ಮನಿಗೆ ಮಗಳ ಫೋನು ಬಂತು.

"ಅಪ್ಪ ಊಟ ಮಾಡಿದ್ರಾ?"

"ಇಲ್ಲ ಕಣೆ. ಕರೀಲಾ?"

ಅಪ್ಪ ಬಾಗಿಲ ಬಳಿ ಬಂದು ನಿಂತಿದ್ದ.

"ಬೇಡಮ್ಮ," ಎಂದಳು ಮಗಳು.