ಗೊತ್ತಿದ್ದಷ್ಟು

“ನಮ್ಮ ಚನ್ನವ್ವ ಒಂದ ಮಾತ ಅಂದ್ಲಂದ್ರ ಕಲ್ಲಿನ ಮ್ಯಾಲ ಗೆರಿ ಕೊರದಂಗ್ರಿ,” ಎಂದು ಅಣ್ಣ ಗುರುಸಿದ್ದ ಚಹಾ ಹೀರಿದ. ಶಹಾಪುರದಲ್ಲಿ ಹುಡುಗನ ಆ ಎರಡು ಕೋಣೆಯ ಮನೆಯಲ್ಲಿ ಚನ್ನವ್ವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಣ್ಣ ಗಡಹಿಂಗ್ಲಜದಿಂದ ಮಗಳು ರುತುಜಾಳಿಗಾಗಿ ಗಂಡಿನ ಮನೆ ನೋಡಲು ಬಂದದ್ದೇ ತಂಗಿಯ ಮಾತಿನ ಮೇಲೆ. ಮನಸ್ಸಿಗೆ ಬಂದರೆ ಇವತ್ತೇ ಮಾತು ಕೊಟ್ಟು ಹೋಗುವವನು.

ಹುಡುಗ ಪ್ರಥಮೇಶ ಅವಳಿಗೆ ಗೊತ್ತಿಲ್ಲದವನೇನು? ಕೊರೋಚಿಯ ಪವರ್‌ಲೂಮ್ ಶೆಡ್ಡಿನಲ್ಲಿ ಅವನು ಮಗ್ಗ ನಡೆಸುತ್ತಾನೆ, ಎದುರಿಗೇ ಕೂತು ಅವಳು ಲಾಳಿಯ ಕಾಂಡಿಗೆ ನೂಲು ಸುತ್ತುತ್ತಾಳೆ. ಕುಡಿತವಿಲ್ಲ, ಕೆಲಸ ತಪ್ಪಿಸುವುದಿಲ್ಲ. ಮಗ್ಗಗಳ ಆ ಗದ್ದಲದಲ್ಲಿ ದೇವರೇ ಬಂದು ಕೂಗಿದರೂ ಕೇಳಿಸದು. ಅಲ್ಲಿ ಎಲ್ಲರೂ ತುಟಿ ನೋಡಿಯೇ ಮಾತು ತಿಳಿಯುವವರು. ‘ಕಾಂಡಿ ಕೊಡ್ರಿ’, ‘ನೂಲ ಹರೀತು’, ‘ಚಹಾ ಬಂತು’. ವರ್ಷಗಟ್ಟಲೆ ಇಷ್ಟೇ. ಇಷ್ಟನ್ನೇ ನಂಬಿ ‘ಹುಡುಗ ಬಂಗಾರ’ ಎಂದುಬಿಟ್ಟಿದ್ದಳು ಪುಣ್ಯಾತ್ಗಿತ್ತಿ! ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ಇದು ಎದುರಿಗೇ ಇದ್ದ ಬೆಟ್ಟ.

ಅಷ್ಟರಲ್ಲಿ ಹುಡುಗನ ತಾಯಿ ಸುಶೀಲಾಬಾಯಿಯ ಕೈಯಿಂದ ಬಶಿ ಜಾರಿ ಚಹಾ ಚೆಲ್ಲಿತು. “ಇರ್ಲಿ ಬಿಡ್ರಿ,” ಎಂದ ಗುರುಸಿದ್ದ. ಪ್ರಥಮೇಶ ನಗುತ್ತಲೇ ಎದ್ದು ತಾಯಿಯನ್ನು ಒಳಬಾಗಿಲ ತನಕ ಕರೆದೊಯ್ದ. ದನಿ ಹೊರಡಲಿಲ್ಲ, ತುಟಿಯಷ್ಟೇ ಆಡಿತು. ಚನ್ನವ್ವನಿಗೆ ಅಷ್ಟು ಸಾಕಾಯಿತು: ‘ಮಂದಿ ಹೋಗ್ಲಿ ತಡಿ. ನಿನ್ನೆ ಬಿದ್ದ ಏಟ ಸಾಲಲಿಲ್ಲೇನ ನಿನಗ?’

ಬೇರೆ ಯಾರಿಗೂ ಏನೂ ಕೇಳಿಸಿರಲಿಲ್ಲ. ಹೇಳಿದರೆ ನಂಬುವವರು ಯಾರು? ನಾಳೆ ಅದೇ ಶೆಡ್ಡಿನಲ್ಲಿ ಅವನ ಎದುರಿಗೇ ಕೂರಬೇಕು. ಹೇಳದಿದ್ದರೆ ರುತುಜಾ? ಅಯ್ಯೋ, ತಾನೇ ಎತ್ತಿ ಆಡಿಸಿದ ಕೂಸು!

“ಹಂಗಾರ ಮಾತ ಕೊಟ್ಟಬಿಡ್ಲೇನ ತಂಗೀ?” ಎಂದ ಅಣ್ಣ. “ಹುಡುಗ ನಿನಗ ಗೊತ್ತಿದ್ದಾವ. ಮತ್ತೇನ ಕೇಳೂದೈತಿ?”

“ಮಗ್ಗದ ಮುಂದ ಗೊತ್ತಿದ್ದ, ಅಣ್ಣಾ.” ಚನ್ನವ್ವ ಕಪ್ಪು ಕೆಳಗಿಟ್ಟಳು. “ಮನ್ಯಾಗ ಹೆಂಗ ಅನ್ನೂದು ಈಗ ಗೊತ್ತಾತು. ಮಾತ ಕೊಡಬ್ಯಾಡ.”

ಗುರುಸಿದ್ದನ ಕೈಯಲ್ಲಿದ್ದ ಕಪ್ಪು ಅಲ್ಲೇ ನಿಂತಿತು. “ಏನ ಗೊತ್ತಾತ್ರಿ ಮಾವಶಿ?” ಎಂದು ಅವಳನ್ನು ಕೇಳಿದ ಪ್ರಥಮೇಶ. ಅವನು ಇನ್ನೂ ನಗುತ್ತಿದ್ದ.

ಚನ್ನವ್ವ ಸುಶೀಲಾಬಾಯಿಯ ಮುಖ ನೋಡಿದಳು. ಹೇಳಿದರೆ ಅದರ ಫಲ ಉಣ್ಣುವವಳು ಆ ತಾಯಿಯೇ ಎಂದು ಹೊಳೆಯಿತು.

ಸುಶೀಲಾಬಾಯಿ ಮಗನನ್ನು ದಾಟಿಕೊಂಡು ಹೊಸ್ತಿಲಿಗೆ ಹೋಗಿ, ಬಗ್ಗಿ, ಬಂದವರು ಮೆಟ್ಟಿ ಹೊರಡುವಂತೆ ಅವರ ಚಪ್ಪಲಿಗಳನ್ನು ಒಂದೊಂದಾಗಿ ಬೀದಿಯ ಕಡೆಗೆ ತಿರುಗಿಸಿ ಇಟ್ಟಳು.