ಹದಿನಾಲ್ಕನೇ ಓವರಿನ ಐದನೇ ಚೆಂಡು

ಗಂಡನ ಅಂತ್ಯಕ್ರಿಯೆ ಮುಗಿದ ಒಂಬತ್ತನೇ ದಿನ ಮನೆಯಲ್ಲಿ ಅವಳೊಬ್ಬಳೇ ಇದ್ದಳು. ಅತ್ತೆ ಹಿಂದಿನ ಸಂಜೆ ಮೈದುನನ ಜೊತೆ ಅವನ ಮನೆಗೆ ಹೋಗಿದ್ದರು. ಹೊರಡುವಾಗ ಅವಳ ತಲೆ ಸವರಲೆಂದು ಕೈ ಎತ್ತಿ, ಯಾಕೋ ಹಿಂದಕ್ಕೆ ತೆಗೆದುಕೊಂಡು, ಬಾಗಿಲ ಚಿಲಕ ಸಡಿಲವಾಗಿದೆ ನೋಡಿಕೋ ಎಂದಷ್ಟೇ ಹೇಳಿದ್ದರು. ಬೆಳಿಗ್ಗೆ ಆರಕ್ಕೆ ಅಲಾರಂ ಬಡಿಯಿತು. ಅದು ಅವನ ಗಡಿಯಾರ. ಐದು ವರ್ಷಗಳಲ್ಲಿ ಒಮ್ಮೆಯೂ ಅವಳು ಅದನ್ನು ನಿಲ್ಲಿಸಿದವಳಲ್ಲ. ಗುಂಡಿ ಎಲ್ಲಿದೆಯೆಂದು ಹುಡುಕಲೂ ಇಲ್ಲ. ತಾನಾಗಿ ದಣಿದು ಸುಮ್ಮನಾಗುವ ತನಕ ಕೇಳುತ್ತಾ ಕೂತಳು.

ಅಡುಗೆಮನೆಯಲ್ಲಿ ಒಂದು ವಸ್ತುವೂ ಇದ್ದ ಜಾಗದಲ್ಲಿರಲಿಲ್ಲ. ಬಂದುಹೋದ ನೆಂಟರು ಪಾತ್ರೆಗಳನ್ನು ತೊಳೆದು, ತಂತಮ್ಮ ಮನೆಯಲ್ಲಿ ಹೇಗೋ ಹಾಗೆ ಜೋಡಿಸಿಟ್ಟಿದ್ದರು. ಚಹಾಪುಡಿಗಾಗಿ ನಾಲ್ಕು ಡಬ್ಬಿ ತೆರೆದಳು. ಐದನೆಯದರಲ್ಲಿ ಯಾರದೋ ಸ್ಟೀಲ್ ಲೋಟ ಇತ್ತು. ಅದನ್ನು ಕೈಯಲ್ಲಿ ಹಿಡಿದಾಗ, ಇವತ್ತು ಮಾಡಬೇಕಾದ ಕೆಲಸ ಯಾವುದೆಂದು ಹೊಳೆಯಿತು. ಕಾಲೇಜಿನ ಗ್ರಂಥಾಲಯದಲ್ಲಿ ಅವಳದು ಪುಸ್ತಕ ಕೊಡುವ, ಹಿಂದಕ್ಕೆ ಪಡೆಯುವ ಮೇಜು. ಸೋಮವಾರದವರೆಗೆ ರಜೆ ಇತ್ತು. ಮನೆಯಲ್ಲಿದ್ದ ಪರರ ವಸ್ತುಗಳನ್ನೆಲ್ಲ ಒಂದೆಡೆ ಪೇರಿಸತೊಡಗಿದಳು. ಪಕ್ಕದ ಮನೆಯ ಎರಡು ಕುರ್ಚಿ, ಮೇಲಿನ ಮನೆಯವರ ದೊಡ್ಡ ಪಾತ್ರೆ, ಆ ಲೋಟ. ಕೊನೆಗೆ ಗಂಡನ ಮೇಜಿನ ಮೇಲಿದ್ದ, ಕ್ಯಾನ್ವಾಸ್ ಹೊದಿಕೆಯ ಉದ್ದನೆಯ ಪುಸ್ತಕ.

ಅದು ಕ್ರಿಕೆಟ್ಟಿನ ಸ್ಕೋರ್ ಪುಸ್ತಕ. ಅದೂ ಅವನ ಕ್ಲಬ್ಬಿನದಲ್ಲ, ಎದುರಾಳಿ ಕ್ಲಬ್ಬಿನದು. ಆ ಕ್ಲಬ್ಬಿನ ಸ್ಕೋರರ್ ಹಳೆಯ ಪೇಟೆಬೀದಿಯ ದರ್ಜಿ. ಮೂರು ತಿಂಗಳ ಹಿಂದೆ ಗಂಡ ಅವರಿಂದ ಎರವಲು ತಂದಿದ್ದ. ಎಂಟು ದಿನದಲ್ಲಿ ಕೊಡುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದೇನೆ ಎಂದಾಗ ಅವಳು ನಕ್ಕಿದ್ದಳು. ಎಂಟು ದಿನ ಎಂದು ಒಯ್ದವರ ಮುಖ ಮೂರು ತಿಂಗಳು ಕಾಣದಿರುವುದು ಅವಳ ಮೇಜಿಗೆ ಹೊಸದೇನಲ್ಲ.

ಅವನು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವನು. ಭಾನುವಾರ ಕ್ಲಬ್ಬಿನ ಸ್ಕೋರರ್. ಬ್ಯಾಟು ಹಿಡಿದರೆ ಸೊನ್ನೆ, ಪೆನ್ಸಿಲ್ ಹಿಡಿದರೆ ಶತಕ ಎಂದು ಗೆಳೆಯರು ಆಡಿಕೊಳ್ಳುತ್ತಿದ್ದರು. ಕ್ಲಬ್ಬಿಗೆ ಐವತ್ತು ತುಂಬುವ ಈ ವರ್ಷ ಅದರ ಚರಿತ್ರೆ ಬರೆಯುವ ಕೆಲಸವನ್ನು ಅವನ ತಲೆಗೇ ಕಟ್ಟಿದ್ದರು. ಐವತ್ತು ವರ್ಷಗಳಲ್ಲಿ ಕ್ಲಬ್ಬು ಕಪ್ ಗೆದ್ದದ್ದು ಒಂದೇ ಸಲ, ಆರು ವರ್ಷದ ಹಿಂದೆ, ಒಂದೇ ಒಂದು ರನ್ನಿನಿಂದ. ಇವರು ನೂರ ಐವತ್ತೆರಡು, ಅವರು ನೂರ ಐವತ್ತೊಂದು. ಆ ಫೈನಲ್ಲಿನ ವಿವರವನ್ನು ಎರಡೂ ಕಡೆಯ ಪುಸ್ತಕ ನೋಡಿಯೇ ಬರೆಯಬೇಕೆಂಬುದು ಅವನ ಹಟ.

ಅವಳು ಇಡೀ ಬದುಕಿನಲ್ಲಿ ನೋಡಿದ ಕ್ರಿಕೆಟ್ ಪಂದ್ಯ ಅದೊಂದೇ. ನೋಡಿದ್ದೂ ಹತ್ತು ನಿಮಿಷ. ಆಗ ಅವಳು ವಿಶ್ವವಿದ್ಯಾಲಯದ ಕೊನೆಯ ವರ್ಷದಲ್ಲಿದ್ದಳು. ಹೊಸ ಕನ್ನಡಕ ತರಲು ಅಂಗಡಿಗೆ ಹೋದಾಗ, ಗಾಜು ಒರೆಸಿ ಕೊಟ್ಟ ಹುಡುಗ ತಲೆ ಎತ್ತದೆ ಹೇಳಿದ್ದ, ಭಾನುವಾರ ಮೈದಾನಕ್ಕೆ ಬನ್ನಿ, ಗೇಟಿನಲ್ಲಿ ನಿಂತು ಸ್ಕೋರ್ ಬೋರ್ಡು ಓದೋಕಾದರೆ ಕನ್ನಡಕದ ನಂಬರ್ ಸರಿಯಾಗಿದೆ ಅಂತ ಅರ್ಥ. ಅವಳು ಹೋದಳು. ಮೈದಾನದ ರೀತಿನೀತಿ ತಿಳಿಯದೆ, ಬ್ಯಾಟು ಹಿಡಿದವನಿಗೆ ಚೆಂಡು ಸ್ಪಷ್ಟ ಕಾಣಲೆಂದು ನಿಲ್ಲಿಸಿದ್ದ ಬಿಳಿ ಪರದೆಯ ಎದುರಿಗೇ ನಡೆದಳು. ಬ್ಯಾಟು ಹಿಡಿದವನು ಕೈ ಅಡ್ಡ ಹಿಡಿದು ಆಟ ನಿಲ್ಲಿಸಿದ. ಯಾರೋ ಕೂಗಿದರು. ನಾಚಿಕೆಯಿಂದ ಕಿವಿ ಬಿಸಿಯಾಗಿ ಆಚೆ ಹೋಗಿ ನಿಂತಾಗ, ಮೈದಾನದ ಆ ತುದಿಯಲ್ಲಿ, ಸ್ಕೋರರುಗಳ ಮೇಜಿನ ಹಿಂದೆ, ಅವನು ಎಲ್ಲರೆದುರು ಎಡಗೈಯನ್ನು ನೇರ ಮೇಲಕ್ಕೆತ್ತಿದ. ಹೊಸ ಕನ್ನಡಕದಲ್ಲಿ ಅವನ ಐದು ಬೆರಳೂ ಬಿಡಿಬಿಡಿಯಾಗಿ ಕಂಡವು.

ಅಷ್ಟೇ. ಅವರ ಪ್ರೀತಿಗೆ ಬೇರೆ ಆರಂಭವಿರಲಿಲ್ಲ. ಮಾತು ಕಡಿಮೆಯ ಮನುಷ್ಯ. ಐದು ವರ್ಷದ ಸಂಸಾರದಲ್ಲಿ ಒಲವಿನ ಮಾತೊಂದನ್ನೂ ಬಾಯಿಬಿಟ್ಟು ಹೇಳಿದವನಲ್ಲ. ಹೇಳದಿದ್ದರೂ ನಡೆಯುತ್ತದೆ ಎಂದು ಅವಳೂ ಇದ್ದಳು. ಆ ಕೈ ಒಂದು ಇತ್ತಲ್ಲ.

ಸ್ಕೋರ್ ಪುಸ್ತಕದ ಅಡಿಯಲ್ಲಿ ಅವನು ಬರೆದಿಟ್ಟ ಚರಿತ್ರೆಯ ಹಾಳೆಗಳಿದ್ದವು. ನಿಂತೇ ಓದತೊಡಗಿದಳು. ಮೂರನೇ ಹಾಳೆಯಲ್ಲಿ, ಆಟ ತಿಳಿಯದ ಓದುಗರಿಗೆಂದು ಸ್ಕೋರರನ ಕೆಲಸವನ್ನು ವಿವರಿಸಿದ್ದ: "ಅಂಪೈರ್ ಸನ್ನೆ ಮಾಡಿದಾಗಲೆಲ್ಲ ಸ್ಕೋರರ್ ಕೈ ಎತ್ತಿ ಉತ್ತರ ಕೊಡಬೇಕು. ನೋಡಿದೆ, ಬರೆದುಕೊಂಡೆ ಎಂದು ಅದರ ಅರ್ಥ. ಆ ಕೈ ಕಾಣುವ ತನಕ ಅಂಪೈರ್ ಮುಂದಿನ ಚೆಂಡು ಹಾಕಲು ಬಿಡುವುದಿಲ್ಲ."

ಅವಳು ಅಲ್ಲೇ ಕೂತಳು.

ದಿನಕ್ಕೆ ಐವತ್ತು ಸಲ, ಅರವತ್ತು ಸಲ ಎತ್ತುವ ಕೈ ಅದು. ಅವಳಿಗೆ ಯಾರೂ ಹೇಳಿರಲಿಲ್ಲ, ಅವಳು ಕೇಳಿರಲಿಲ್ಲ. ಆಮೇಲೆ ಎಷ್ಟೋ ಸಲ, ನೀವು ಅವತ್ತು ಕೈ ಎತ್ತಿದಿರಲ್ಲ ಎಂದು ಅವಳು ನೆನಪಿಸಿದಾಗ ಅವನು ಸುಮ್ಮನೆ ನಗುತ್ತಿದ್ದ. ಪಾಪ, ಇವಳ ಭ್ರಮೆ ಯಾಕೆ ಒಡೆಯಲಿ ಎಂಬ ನಗುವೂ ಹಾಗೆಯೇ ಇರುತ್ತದೆ. ಗಂಡ ಸತ್ತ ಒಂಬತ್ತು ದಿನಗಳಲ್ಲಿ ಅವಳಿಗೆ ಅಳು ಬಂದಿರಲಿಲ್ಲ. ಈಗಲೂ ಬರಲಿಲ್ಲ. ಆದರೆ ಕಾಲಡಿಯ ಹಲಗೆಯೊಂದನ್ನು ಯಾರೋ ಮೆಲ್ಲಗೆ ಎಳೆದುಕೊಂಡಂತಾಯಿತು. ಅವನು ಹೋದ ಮೇಲೆ ಉಳಿದದ್ದು ಅದೊಂದೇ, ಈಗ ಅದೂ ಅವಳದು ಹೌದೋ ಅಲ್ಲವೋ.

ಹಿಂದಕ್ಕೆ ಬಂದ ಪುಸ್ತಕವನ್ನು ಗ್ರಂಥಾಲಯದಲ್ಲಿ ತಲೆಕೆಳಗಾಗಿ ಹಿಡಿದು ಒಮ್ಮೆ ಕೊಡವುವುದು ಅವಳ ರೂಢಿ. ಬಸ್ ಟಿಕೆಟ್ಟು, ಫೋಟೊ, ಪರೀಕ್ಷೆಯ ಚೀಟಿ, ಏನಾದರೊಂದು ಬೀಳುತ್ತದೆ. ದರ್ಜಿಯ ಪುಸ್ತಕವನ್ನೂ ಹಾಗೇ ಕೊಡವಿದಳು. ಒಂದು ಚೀಟಿ ಬಿತ್ತು. ಗಂಡನ ಕೈಬರಹ: "೧೪ನೇ ಓವರ್, ೫ನೇ ಚೆಂಡು. ನಾನು ನೋಡಲಿಲ್ಲ."

ಕ್ಲಬ್ಬಿನ ಪುಸ್ತಕ ಕಪಾಟಿನಲ್ಲಿತ್ತು. ಎರಡನ್ನೂ ಅಕ್ಕಪಕ್ಕ ತೆರೆದಳು. ಗಂಡನ ಪುಟದಲ್ಲಿ ಆ ಚೆಂಡಿಗೆ ಸ್ವಚ್ಛವಾದ ಎರಡು. ದರ್ಜಿಯ ಪುಟದಲ್ಲಿಯೂ ಎರಡೇ. ಆದರೆ ಅದನ್ನು ಒಂದರ ಮೇಲೆ ತಿದ್ದಿ ಬರೆದಿತ್ತು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಶಾರ್ಟ್" ಎಂದು ಬರೆದು ಹೊಡೆದುಹಾಕಿತ್ತು. ಶಾರ್ಟ್ ಎಂದರೇನೆಂದು ಗಂಡನ ಹಾಳೆಗಳೇ ಹೇಳಿದವು: ಓಡುವವನು ಬ್ಯಾಟನ್ನು ಗೆರೆಗೆ ಮುಟ್ಟಿಸದೆ ಅರ್ಧದಲ್ಲೇ ತಿರುಗಿದರೆ ಆ ರನ್ ಲೆಕ್ಕಕ್ಕಿಲ್ಲ, ಅಂಪೈರ್ ಬೆರಳಿಂದ ತನ್ನ ಭುಜ ಮುಟ್ಟಿ ತೋರಿಸುತ್ತಾನೆ.

ದರ್ಜಿಗೆ ಅಂಚಿನಲ್ಲಿ ಟಿಪ್ಪಣಿ ಬರೆಯುವ ಚಟ. ನಾಯಿ ನುಗ್ಗಿತು. ಚೆಂಡು ಚರಂಡಿಗೆ. ಅಂಪೈರ್ ಟೋಪಿ ಹಾರಿತು. ಹದಿನಾಲ್ಕನೇ ಓವರಿನ ಸಾಲಿನ ಅಂಚಿನಲ್ಲಿ ಹೀಗಿತ್ತು: "ನಾಲ್ಕನೇ ಚೆಂಡಾದ ಮೇಲೆ ಬಿಳಿ ಪರದೆ ಮುಂದೆ ಒಬ್ಬ ಹುಡುಗಿ. ಆಟ ಎರಡು ನಿಮಿಷ ನಿಂತಿತು."

ತಾನು ಯಾವುದೋ ಪುಸ್ತಕದಲ್ಲಿ ಇದ್ದೇನೆಂದು ಅವಳಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಬೆರಳಿಂದ ಆ ಸಾಲನ್ನು ಮುಟ್ಟಿದಳು. ಪುಸ್ತಕ ಅಲ್ಲಿಗೇ ನಿಲ್ಲುತ್ತಿತ್ತು. ಐದನೇ ಚೆಂಡಿಗೆ ಅವನು ಕೈ ಎತ್ತಿದ್ದಂತೂ ನಿಜ. ಅವಳಿಗಾಗಿ ಎತ್ತಿ ಸನ್ನೆಯನ್ನು ತಪ್ಪಿಸಿಕೊಂಡನೋ, ಅಥವಾ ಸನ್ನೆಗೆ ಅಭ್ಯಾಸಬಲದಿಂದ ಕೈ ಎತ್ತಿ ಬೇರೆಲ್ಲೋ ಮನಸ್ಸಿಟ್ಟು ತಪ್ಪು ಬರೆದನೋ, ಅದನ್ನು ಹೇಳುವ ಗುರುತು ಯಾವ ಪುಟದಲ್ಲೂ ಇರಲಿಲ್ಲ.

ಹತ್ತು ಗಂಟೆಗೆ ಕ್ಲಬ್ಬಿನ ಕಾರ್ಯದರ್ಶಿ ಬಂದ. ಎಷ್ಟೇ ಬಿಸಿಲಿದ್ದರೂ ಮೈದಾನದ ಒಂದೇ ಮರದ ಕೆಳಗೆ ಫೀಲ್ಡಿಂಗಿಗೆ ನಿಲ್ಲುತ್ತಿದ್ದವನು. ಕ್ಲಬ್ಬಿನಲ್ಲಿ ಅವನನ್ನು ಕರೆಯುವುದೇ ನೆರಳು ಎಂದು. ಬಾಗಿಲಲ್ಲೇ ನಿಂತು, ಊಟ ಆಯ್ತಾ ಎಂದು ಕೇಳಿದ. ಹತ್ತು ಗಂಟೆಗೆ ಯಾವ ಊಟ ಎಂದು ತನಗೇ ಹೊಳೆದು ಪೆಚ್ಚಾದ. ಆಮೇಲೆ ಸುತ್ತಿಬಳಸಿ ವಿಷಯಕ್ಕೆ ಬಂದ. ಪ್ರೆಸ್ಸಿನವರು ತಗಾದೆ ಮಾಡುತ್ತಿದ್ದಾರೆ, ಫೈನಲ್ಲಿನ ಪುಟ ಒಂದು ಬಾಕಿ, ಅವನು ಎರಡು ತಿಂಗಳಿಂದ ಇವತ್ತು ನಾಳೆ ಅನ್ನುತ್ತಲೇ ಇದ್ದ.

"ನೀವು ಓದಿದವರು ಅತ್ತಿಗೆ, ಅವನ ಟಿಪ್ಪಣಿ ನೋಡ್ಕೊಂಡು ನಾಲ್ಕು ಸಾಲು ಬರೆದ್ಬಿಡಿ. ನನ್ನ ಎರಡು ರನ್ ಮಾತ್ರ ಬಿಡ್ಬೇಡಿ. ಈ ಹೊಟ್ಟೆ ಹೊತ್ಕೊಂಡು ಎರಡು ಓಡಿದ್ದು ಅದೊಂದೇ ಸಲ. ಅದಿಲ್ದಿದ್ರೆ ಕಪ್ ಎಲ್ಲಿತ್ತು ಹೇಳಿ."

ಹದಿನಾಲ್ಕನೇ ಓವರಿನಲ್ಲಿ ಓಡಿದವನು ಇವನೇ ಎಂದು ಅವಳು ಆಗಲೇ ಪುಟದಲ್ಲಿ ನೋಡಿದ್ದಳು. ಸಂಜೆಗೆ ಕೊಡುತ್ತೇನೆ ಎಂದಳು. ಒಂದು ರನ್ ಕಡಿಮೆಯಾದರೆ ಏನಾಗುತ್ತಿತ್ತು ಎಂದು ಕೇಳಿದಳು. ಸಮ ಆಗುತ್ತಿತ್ತು, ಆರು ತಿಂಗಳು ಅವರ ಕಪಾಟು, ಆರು ತಿಂಗಳು ನಮ್ಮದು ಎಂದ ನೆರಳು. ಮೆಟ್ಟಿಲಿಳಿಯುವಾಗ ಒಮ್ಮೆ ನಿಂತು, ಊರಿಗೆಲ್ಲ ಕನ್ನಡಕ ಕೊಟ್ಟ ಪುಣ್ಯಾತ್ಮ ಎಂದೇನೋ ಹೇಳಹೊರಟು, ಮೂಗು ಒರೆಸಿಕೊಂಡು ಹೋದ.

ಅವನು ಹೋದ ಮೇಲೆ ಅವಳು ಗಂಡನ ಪೆನ್ನಿನಲ್ಲೇ ಬರೆದಳು. ಇದ್ದದ್ದನ್ನು ಇದ್ದ ಹಾಗೆ. ಐದನೇ ಚೆಂಡಿಗೆ ಬರಬೇಕಾದದ್ದು ಒಂದೇ ರನ್, ಪಂದ್ಯ ನಿಜವಾಗಿ ಸಮ, ಅಂಪೈರ್ ಸನ್ನೆ ಮಾಡಿದಾಗ ನಮ್ಮ ಸ್ಕೋರರ್ ನೋಡಲಿಲ್ಲ. ಎರಡು ತಿಂಗಳು ಅವನ ಕೈಯಲ್ಲಿ ಆಗದೇ ಹೋದ ವಾಕ್ಯಗಳು ಅವಳಿಗೆ ಕಾಲು ಗಂಟೆಯಲ್ಲಿ ಮುಗಿದವು. ಹಾಳೆ ಮಡಚಿ, ದರ್ಜಿಯ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೊರಟಳು. ಕೇಳಬೇಕಾದ ಮನುಷ್ಯ ಜಗತ್ತಿನಲ್ಲಿ ಒಬ್ಬರೇ ಉಳಿದಿದ್ದರು.

ಅಂಗಡಿ ಕಿರಿದು. ಒಂದು ಹೊಲಿಗೆ ಯಂತ್ರ, ಒಂದು ಮೇಜು, ಗೋಡೆಗೆ ಬಟ್ಟೆಯಿಲ್ಲದ ಹ್ಯಾಂಗರುಗಳ ಸಾಲು. ದರ್ಜಿಗೆ ಎಪ್ಪತ್ತರ ಮೇಲಾಗಿತ್ತು. ಅವಳನ್ನು ನೋಡಿ ಯಂತ್ರದ ಚಕ್ರವನ್ನು ಅಂಗೈಯಲ್ಲಿ ತಡೆದು ನಿಲ್ಲಿಸಿ, ಸ್ಟೂಲಿನ ಮೇಲಿದ್ದ ಬಟ್ಟೆತುಂಡುಗಳನ್ನು ಸರಿಸಿದರು. ಸಮಾಧಾನದ ಮಾತು ಆಡಲಿಲ್ಲ. ಅದಕ್ಕೇ ಅವಳಿಗೆ ಕೂರಲು ಸಾಧ್ಯವಾಯಿತು.

ಅವಳು ಹಾಳೆ ಕೊಟ್ಟಳು. ದರ್ಜಿ ಬೆರಳಿಟ್ಟು ಓದಿದರು.

"ಇದನ್ನ ಕೊಟ್ರೆ ಅರ್ಧ ಕಪ್ ಹೋಗುತ್ತಮ್ಮ" ಎಂದರು.

"ಹೋಗ್ಲಿ ಮಾಸ್ಟ್ರೇ. ನಿಮ್ದಲ್ವಾ."

"ನಂಗೆ ಈ ವಯಸ್ಸಲ್ಲಿ ಅರ್ಧ ಕಪ್ ಇಡೋಕೆ ಜಾಗ ಎಲ್ಲಿದೆ. ನೆರಳಿನ ಗತಿ ಯೋಚನೆ ಮಾಡಿ, ಬಿಸಿಲಿಗೆ ಬೀಳ್ತಾನೆ. ಅವನ ಬ್ಯಾಟು ಗೆರೆಯಿಂದ ಒಂದು ಗೇಣು ದೂರ ಇತ್ತು."

ಹಾಗಿದ್ದರೆ ತಿದ್ದಿ ಎರಡು ಮಾಡಿದ್ದೇಕೆ ಎಂದು ಕೇಳಿದಳು. ದರ್ಜಿ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ ಹೇಳಿದರು. ಓವರ್ ಮುಗಿದಾಗ ಇಬ್ಬರೂ ಮೊತ್ತ ಓದಿ ಹೊಂದಿಸುವುದು ಪದ್ಧತಿ. ಹುಡುಗ ಒಂದು ಹೆಚ್ಚು ಓದಿದ. ಅಂಪೈರನ್ನು ಕೇಳಬಹುದಿತ್ತು. ಆದರೆ ಹುಡುಗನ ಮುಖದಲ್ಲಿ ಅದೇನೋ ಇತ್ತು, ಕೇಳಿ ಅವನನ್ನು ಎಲ್ಲರೆದುರು ಚಿಕ್ಕವನನ್ನಾಗಿ ಮಾಡಲು ಮನಸ್ಸಾಗಲಿಲ್ಲ. ಹದಿನಾಲ್ಕನೇ ಓವರಿನ ಒಂದು ರನ್, ಅದು ಎಲ್ಲಿ ಹೋಗಿ ಮುಟ್ಟೀತು ಎಂದುಕೊಂಡರು. ಮುಟ್ಟಿದ್ದು ಕಪ್ಪಿಗೇ. ಆಟ ಮುಗಿದ ಮೇಲೆ ಸಹಿ ಬಿದ್ದಾಗಿತ್ತು. ತಮ್ಮ ಕ್ಲಬ್ಬಿನವರಿಗೆ ಇವತ್ತಿನವರೆಗೂ ಹೇಳಿಲ್ಲ.

"ಅವರಿಗೆ ಗೊತ್ತಿತ್ತಾ?"

"ಮೂರು ತಿಂಗಳ ಹಿಂದಿನವರೆಗೆ ಇಲ್ಲ. ಪುಸ್ತಕ ಕೊಡೋವಾಗ್ಲೇ ಅನ್ಕೊಂಡೆ, ಇವನು ಕಂಡುಹಿಡೀತಾನೆ ಅಂತ. ಕೊಡದೇ ಇರೋಕಾಗ್ಲಿಲ್ಲ." ಹಾಳೆಯನ್ನು ಮತ್ತೆ ನೋಡಿದರು. "ಇದ್ರಲ್ಲಿ ಒಂದು ತಪ್ಪಿದೆ. ನೋಡ್ಲಿಲ್ಲ ಅಂತ ಬರ್ದಿದೀರಿ."

"ಅವರೇ ಬರ್ದಿಟ್ಟಿದ್ದು."

"ಪಕ್ಕದಲ್ಲಿ ಕೂತಿದ್ದೋನು ನಾನು. ಅಂಪೈರ್ ಕೈ ಭುಜಕ್ಕೆ ಹೋಗೋ ಮುಂಚೇನೇ ಇವನ ಕೈ ಮೇಲಿತ್ತು. ಚೆಂಡು ಇನ್ನೂ ಫೀಲ್ಡರ್ ಕೈಲಿ. ಕೇಳೋಕೆ ಮುಂಚೆ ಯಾವ ಸ್ಕೋರರೂ ಉತ್ತರ ಕೊಡಲ್ಲಮ್ಮ. ಅಂಪೈರ್ ಆ ಕೈ ನೋಡಿ, ಸರಿ ಅಂತ ತಿರುಗಿಬಿಟ್ಟ. ನೋಡ್ತಾ ಇದ್ದ ನಿಮ್ಮ ಹುಡುಗ. ಪರದೆ ಪಕ್ಕಕ್ಕೆ."

ಹೊರಗೆ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು. ಅವಳು ಕನ್ನಡಕ ತೆಗೆದು ಸೆರಗಿನ ತುದಿಯಿಂದ ಒರೆಸಿದಳು. ಒರೆಸುತ್ತಲೇ ಇದ್ದಳು. ದರ್ಜಿ ಯಂತ್ರದ ಕಡೆಗೆ ತಿರುಗಿ, ದಾರವೇ ಇಲ್ಲದ ಸೂಜಿಯನ್ನು ಸ್ವಲ್ಪ ಹೊತ್ತು ಪರೀಕ್ಷಿಸಿದರು.

ಬೇಕಾದರೆ ಆ ಮಾತನ್ನೂ ಸೇರಿಸಿ ಎಂದು ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಅವಳ ಕಡೆ ಚಾಚಿದರು.

"ಬೇಡ" ಎಂದಳು. "ಅದು ಕ್ಲಬ್ಬಿನ ಚರಿತ್ರೆ ಅಲ್ಲ ಮಾಸ್ಟ್ರೇ."

ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಚೀಟಿ ಅದೇ ಚೀಲದ ಒಳಜೇಬಿನಲ್ಲಿತ್ತು. ಸಂಜೆ ನೆರಳು ಬರುತ್ತಾನೆ, ಓದುತ್ತಾನೆ, ಸಿಟ್ಟಾಗುತ್ತಾನೆ. ಆಮೇಲೆ ಮನೆಗೆ ಬರುವವರು ಯಾರೂ ಇಲ್ಲ. ನಾಳೆ ಆರಕ್ಕೆ ಅಲಾರಂ ಬಡಿಯುತ್ತದೆ. ಆ ಕೈ ತನಗಾಗಿಯೇ ಎದ್ದದ್ದೆಂದು ತಿಳಿದ ಸುದ್ದಿಯನ್ನು ಹೇಳಲು ಇದ್ದವನು ಗಂಡನೊಬ್ಬನೇ.

ಎದ್ದು ನಿಂತಳು. ಕೊಡುವ ಮುಂಚೆ, ಕೈಗೆ ಅಂಟಿದ ರೂಢಿ, ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಒಮ್ಮೆ ಕೊಡವಿದಳು. ಏನೂ ಬೀಳಲಿಲ್ಲ. ಎರಡೂ ಕೈಯಲ್ಲಿ ದರ್ಜಿಗೆ ಕೊಟ್ಟು, ತಡವಾಯಿತು ಎಂದಳು.