ದಡ ಕಾಣುವ ನೀರು

ಹೊಸವರ್ಷದ ಮೊದಲ ದಿನದ ಇಳಿಹೊತ್ತಿನಲ್ಲಿ ಝೆರ್ವಿನದ ಯೆಹೂದ್ಯರೆಲ್ಲ ವಾಡಿಕೆಯಂತೆ ಸರೋವರದ ದಡಕ್ಕಿಳಿದು, ಕಳೆದ ವರ್ಷದ ಪಾಪಗಳನ್ನು ನೀರಿಗೆ ಬಿಡುವ ಪ್ರಾರ್ಥನೆ ಹೇಳಿ, ಉಡುಪಿನ ಅಂಚುಗಳನ್ನು ಕೊಡವುತ್ತಿದ್ದರು. ಸ್ನಾನಗೃಹದ ಹಿಂಬದಿಯ ಚಪ್ಪಟೆ ಕಲ್ಲಿನ ಮೇಲೆ ನಿಂತು ಊರಿನ ಧರ್ಮಗುರು ರಬ್ಬಿ ಝುಂಡೆಲ್ ಈ ಪ್ರಾರ್ಥನೆ ಹೇಳತೊಡಗಿ ಮೂವತ್ತೆಂಟು ವರ್ಷಗಳಾಗಿದ್ದವು. ಎದುರಿಗೆ ಪೈನ್ ಮರಗಳ ನಡುಗಡ್ಡೆ, ಅದರ ಎರಡೂ ಪಕ್ಕಕ್ಕೆ ನೀರು, ನೀರಿನಾಚೆ ಬರಿಯ ಆಕಾಶ.

ಯೆರುಖಾಮ್ ಕುಂಟುತ್ತ ಬಂದು ಅವರ ಪಕ್ಕದಲ್ಲಿ ನಿಂತ. ಗುಡ್ಡದ ಮೇಲಿನ ಗಾಳಿಗಿರಣಿ ಅವನದು. ಊರಿಗೆ ಇಳಿಯುತ್ತಿದ್ದುದು ಹಬ್ಬಗಳಿಗೆ ಮಾತ್ರ.

"ಏನ್ ಗುರುಗಳೇ, ಇಲ್ಲಿಂದ ನಮ್ ಕೆರೆ ಸಮುದ್ರ ಇದ್ದಂಗಿದೆಯಲ್ಲ! ಊರಿನ ಪಾಪ ಎಲ್ಲಾ ಹಾಕಿದ್ರೂ ಇನ್ನಷ್ಟು ತನ್ನಿ ಅನ್ನುತ್ತೆ. ನನ್ ಗಿರಣಿ ಬಾಗಿಲಿಂದ ನೋಡ್ಬೇಕು ನೀವು. ಸಾರಿನ ಬಟ್ಟಲು, ಅಷ್ಟೇ. ಸುತ್ತಾ ಅಂಚು ಕಾಣುತ್ತೆ."

ಸುತ್ತಲಿನವರು ನಕ್ಕರು. ರಬ್ಬಿಯ ಕೈ ಮಾತ್ರ ಉಡುಪಿನ ಅಂಚನ್ನು ಹಿಡಿದಂತೆಯೇ ನಿಂತುಬಿಟ್ಟಿತು.

ನಾಲ್ಕು ವರ್ಷಗಳ ಹಿಂದೆ, ವಸಂತದಲ್ಲಿ ಮಂಜುಗಡ್ಡೆ ಕರಗಿದ ಮೇಲೆ, ಮೀನುಗಾರ ಕೋಪೆಲನ ದೋಣಿ ಈ ನೀರಿನಲ್ಲಿ ಮಗುಚಿತ್ತು. ದೇಹ ಸಿಕ್ಕಲೇ ಇಲ್ಲ. ನೋಡಿದವನು ಯೆರುಖಾಮ್ ಒಬ್ಬನೇ. ಗಂಡ ಸತ್ತದ್ದು ಖಚಿತವಾಗದೆ ಮದುವೆಯ ಬಂಧನದಲ್ಲೇ ಉಳಿದ ಹೆಂಗಸನ್ನು ಬಿಡಿಸಲು ಒಬ್ಬನ ಸಾಕ್ಷ್ಯವೇ ಸಾಕೆಂಬಷ್ಟು ಉದಾರವಾದ ಶಾಸ್ತ್ರ, ಮುಳುಗಿದವರ ವಿಷಯದಲ್ಲಿ ಮಾತ್ರ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತದೆ: ನೀರಿಗೆ ಕೊನೆ ಕಾಣುತ್ತದೆಯೇ? ಸುತ್ತಲಿನ ದಡವೆಲ್ಲ ಕಾಣುತ್ತಿದ್ದು, ಪ್ರಾಣ ಹೋಗುವಷ್ಟು ಹೊತ್ತು ಕಾದರೂ ಮನುಷ್ಯ ಯಾವ ಕಡೆಯಿಂದಲೂ ಮೇಲೇಳದಿದ್ದರೆ, ಅವನು ಸತ್ತನೆಂದೇ ಲೆಕ್ಕ. ಕೊನೆ ಕಾಣದ ನೀರಾದರೆ, ಕಣ್ಣಿಗೆ ಬೀಳದ ಯಾವುದೋ ದಡ ಹತ್ತಿ ಎತ್ತಲೋ ಹೋಗಿರಬಹುದು. ಹೆಂಡತಿ ಮರುಮದುವೆಯಾಗುವಂತಿಲ್ಲ. ರಬ್ಬಿ ಝುಂಡೆಲ್ ಈ ಕಲ್ಲಿನ ಮೇಲಿಂದ ತಾವು ಕಂಡ ಸರೋವರವನ್ನೇ ಮನಸ್ಸಿನಲ್ಲಿಟ್ಟುಕೊಂಡು 'ಕೊನೆ ಕಾಣದ ನೀರು' ಎಂದು ತೀರ್ಪು ಬರೆದಿದ್ದರು. ಅಂದಿನಿಂದ ಕೋಪೆಲನ ಹೆಂಡತಿ ಹಿಂಡಾ ಮುತ್ತೈದೆಯೂ ಅಲ್ಲ, ವಿಧವೆಯೂ ಅಲ್ಲ. ಜೊಂಡು ಕೊಯ್ದು, ಚಾಪೆ ಹೆಣೆದು ಮಗಳನ್ನು ಸಾಕುತ್ತಿದ್ದಳು. ಪೀಪಾಯಿ ಮಾಡುವ ನೋತೆ ಅವಳನ್ನು ಮದುವೆಗೆ ಕೇಳಿ ಕಳಿಸಿದಾಗ, ಆಗದೆಂದು ಹೇಳಿದವರೂ ರಬ್ಬಿಯೇ.

"ಯೆರುಖಾಮ್, ಕೋಪೆಲ್ ದೋಣಿ ಮಗುಚಿದಾಗ ನೀನು ಎಲ್ಲಿದ್ದೆ?"

"ಇನ್ನೆಲ್ಲಿ? ಗಿರಣಿ ಬಾಗಿಲಲ್ಲೇ. ಅದೇ ಗಾಳಿಗೆ ನನ್ ಗಿರಣಿ ರೆಕ್ಕೇನೂ ಮುರೀತು. ಈ ಕಾಲಿಟ್ಕೊಂಡು ಓಡೋಕಾಗುತ್ತಾ? ಕೂಗ್ದೆ, ಯಾರಿಗೂ ಕೇಳಿಸ್ಲಿಲ್ಲ. ಮಧ್ಯಾಹ್ನದಿಂದ ಸಂಜೆ ತನಕ ಅಲ್ಲೇ ಕೂತಿದ್ದೆ, ಯಾವ್ ಕಡೆಯಿಂದಾದ್ರೂ ಎದ್ದು ಬರ್ತಾನೇನೋ ಅಂತ. ಬರ್ಲಿಲ್ಲ."

"ಇದನ್ನ ಅವತ್ತೇ ಯಾಕಪ್ಪ ಹೇಳಲಿಲ್ಲ?"

"ನೀವು ಕೇಳ್ಲಿಲ್ಲವಲ್ಲ. ಏನ್ ನೋಡ್ದೆ ಅಂದ್ರಿ, ಹೇಳ್ದೆ. ಎಲ್ಲಿಂದ ನೋಡ್ದೆ ಅಂತ ಕೇಳ್ಲೇ ಇಲ್ಲ."

ರಬ್ಬಿ ಮತ್ತೆ ನೀರಿನತ್ತ ತಿರುಗಿದರು. ತಮ್ಮ ಪಾಪ ಯಾವುದೆಂಬುದು ಅವರಿಗೆ ಈಗ ತಿಳಿದಿತ್ತು. ಅಂಚು ಕೊಡವಿದರೆ ಉದುರುವಂಥದಾಗಿರಲಿಲ್ಲ ಅದು.

ಎರಡು ದಿನದ ಹಬ್ಬ ಮುಗಿದ ಮರುದಿನ ಉಪವಾಸ. ಬೆಳಗಿನ ಪ್ರಾರ್ಥನೆ ಮುಗಿಸಿ ಅವರು ಊರುಗೋಲು ತೆಗೆದುಕೊಂಡದ್ದನ್ನು ಕಂಡು ಹೆಂಡತಿ ಗಿಟ್ಟೆಲ್ ಬಾಗಿಲಿಗೆ ಅಡ್ಡ ನಿಂತಳು.

"ರೀ, ಎಲ್ಲಿಗೆ? ಹೊಟ್ಟೇಲಿ ಒಂದ್ ತೊಟ್ಟು ನೀರಿಲ್ಲ, ಮೊಣಕಾಲು ಎರಡೂ ಬಾಗಲ್ಲ, ಗುಡ್ಡ ಹತ್ತೋ ವಯಸ್ಸೇ ನಿಮ್ದು? ನಾಳೆ ಊಟ ಮಾಡ್ಕೊಂಡು ಹೋಗಿ."

"ಆ ಹುಡುಗಿ ನಾಲ್ಕು ವರ್ಷ ಕಾದಿದಾಳೆ, ಗಿಟ್ಟೆಲ್. ನಾಳೆ ಅನ್ನೋಕೆ ನನಗೆ ಬಾಯಿಲ್ಲ."

ಗಿಟ್ಟೆಲ್ ಅವರ ಕುತ್ತಿಗೆಗೆ ಉಣ್ಣೆಯ ವಸ್ತ್ರ ಸುತ್ತಿದಳು. "ಹೋಗಿ ಮತ್ತೆ. ನೀವು ಬಿದ್ರೆ ನಂಗೆ ಸಾಕ್ಷಿ ಬೇಕಾಗುತ್ತೆ, ಯೆರುಖಾಮನ್ನ ಪಕ್ಕದಲ್ಲೇ ಇಟ್ಕೊಳ್ಳಿ."

ರಬ್ಬಿ ಮೊದಲು ಹೋದದ್ದು ಹಿಂಡಾಳ ಮನೆಗೆ. ಅವಳು ಅಂಗಳದಲ್ಲಿ ಕಳೆದ ಚಳಿಗಾಲದ ಜೊಂಡನ್ನು ಬಿಸಿಲಿಗೆ ಹರವುತ್ತಿದ್ದಳು. ಒಳಗೆ ಬರದೆ, ಕೂಡದೆ, ನಿಂತೇ ಹೇಳಿದರು: "ಅಮ್ಮಾ, ನಾನು ಕೇಳಬೇಕಾದ್ದನ್ನ ಕೇಳದೆ ತೀರ್ಪು ಬರೆದೆ. ಇವತ್ತು ನೋಡೋಕೆ ಹೊರಟಿದೀನಿ. ನೋಡಿದ್ಮೇಲೆ ಬಿಡುಗಡೆ ಆಗುತ್ತೆ ಅಂತ ಮಾತು ಕೊಡಲಾರೆ. ನೋಡ್ತೀನಿ ಅಂತ ಮಾತ್ರ ಕೊಡ್ತೀನಿ."

ಹಿಂಡಾ ಕೈಯ ಧೂಳು ಒರೆಸಿಕೊಂಡಳು. "ಬರೀ ದಡ ನೋಡಿದ್ರೆ ಸಾಕಾ ಗುರುಗಳೇ? ದಡದ ಮೇಲೆ ಮನುಷ್ಯ ಇದ್ರೆ ಕಾಣ್ತಾನಾ ಇಲ್ವಾ ಅಂತ ತಿಳೀಬೇಡ್ವಾ?"

"ತಿಳೀಬೇಕು."

"ಹಂಗಿದ್ರೆ ನಾನು ನಡೀತೀನಿ. ಸುತ್ತು ಪೂರ್ತಿ. ನೀವು ಮೇಲಿಂದ ನೋಡಿ."

ಒಳಗೆ ಹೋಗಿ, ವಾರದ ಪವಿತ್ರದಿನವಾದ ಸಬ್ಬತ್ತಿಗೆ ಹಾಸುವ ಬಿಳಿಯ ಮೇಜುವಸ್ತ್ರ ತಂದು ಹೆಗಲಿಗೆ ಹೊದ್ದುಕೊಂಡಳು. ಮೂವತ್ತೆಂಟು ವರ್ಷ ಪಾಠ ಹೇಳಿದ್ದ ರಬ್ಬಿಗೆ ತಮ್ಮ ಶಿಷ್ಯರಲ್ಲಿ ಯಾರೊಬ್ಬನೂ ಇಷ್ಟು ನೇರವಾದ ಪ್ರಶ್ನೆ ಎತ್ತಿದ ನೆನಪಾಗಲಿಲ್ಲ.

ಗುಡ್ಡ ಹತ್ತುವಷ್ಟರಲ್ಲಿ ರಬ್ಬಿ ಐದು ಬಾರಿ ನಿಂತರು. ಯೆರುಖಾಮ್ ಗಿರಣಿಯ ಬಾಗಿಲಲ್ಲಿ ಕಾಳಿನ ಮೂಟೆ ಇಟ್ಟು ಅವರನ್ನು ಕೂಡಿಸಿದ. "ಕುಂಟ ನಾನು, ಕುಂಟ ನೀವು. ನಮ್ಮಿಬ್ಬರನ್ನ ನಂಬ್ಕೊಂಡು ಒಬ್ಬಳು ಕೆರೆ ಸುತ್ತುತಾ ಇದಾಳೆ!"

ವಯಸ್ಸು ರಬ್ಬಿಯಿಂದ ಹತ್ತಿರದ ಅಕ್ಷರಗಳನ್ನು ಕಸಿದುಕೊಂಡಿದ್ದರೂ ದೂರದ ನೋಟವನ್ನು ಉಳಿಸಿಕೊಟ್ಟಿತ್ತು. ಕೆಳಗೆ ಸರೋವರ ಪೂರ್ತಿಯಾಗಿ ಬಿದ್ದುಕೊಂಡಿತ್ತು. ಊರಿನಿಂದ ಗೋಡೆಯಂತೆ ಕಾಣುತ್ತಿದ್ದ ನಡುಗಡ್ಡೆ ಇಲ್ಲಿಂದ ನೀರಿನ ನಡುವೆ ಅಂಗಿಯ ಗುಂಡಿಯಷ್ಟು ಪುಟ್ಟ ಹಸುರು. ಅದರ ಸುತ್ತಲೂ ನೀರು, ನೀರಿನ ಸುತ್ತಲೂ ದಡ. ಎಪ್ಪತ್ತೊಂದು ವರ್ಷದಲ್ಲಿ ಒಮ್ಮೆ, ಒಂದೇ ಒಂದು ಸಲ, ಈ ಗುಡ್ಡ ಹತ್ತಿದ್ದರೆ!

ಬಿಳಿಯ ಚುಕ್ಕೆ ಊರಿನ ದಡದಿಂದ ಹೊರಟಿತು. ದೋಣಿಕಟ್ಟೆ ದಾಟಿತು, ಮರಳುದಿಣ್ಣೆ ದಾಟಿತು, ಹುಲ್ಲುಗಾವಲು ದಾಟಿತು. ರಬ್ಬಿ ಕಣ್ಣು ಮಿಟುಕಿಸಲೂ ಹೆದರಿ ನೋಡುತ್ತಿದ್ದರು. ಉತ್ತರದ ಮೂಲೆಗೆ ಬಂದ ಚುಕ್ಕೆ ಇದ್ದಕ್ಕಿದ್ದಂತೆ ಮಾಯವಾಯಿತು.

"ಜೊಂಡು," ಎಂದ ಯೆರುಖಾಮ್. "ಆಳೆತ್ತರ ಇದೆ."

ಅವಳು ಮತ್ತೆ ಕಾಣಿಸಿಕೊಂಡದ್ದು ಬಹಳ ಹೊತ್ತಿನ ಮೇಲೆ. ಸುತ್ತು ಮುಗಿಸಿ, ಗುಡ್ಡ ಹತ್ತಿ ಬಂದಾಗ ಅವಳ ಪಾದರಕ್ಷೆಗಳು ಕೆಸರಿನ ಮುದ್ದೆಯಾಗಿದ್ದವು. ರಬ್ಬಿಯ ಮುಖ ನೋಡಿಯೇ ಅವಳಿಗೆ ಅರ್ಥವಾಯಿತು.

"ಜೊಂಡಲ್ಲಿ ಕಳೆದುಹೋದೆ, ಅಲ್ವಾ? ಆದ್ರೆ ಗುರುಗಳೇ, ವಸಂತದಲ್ಲಿ ಅಲ್ಲಿ ಜೊಂಡು ಇರಲ್ಲ. ಚಳಿಗಾಲದಲ್ಲಿ ಮಂಜುಗಡ್ಡೆ ಮೇಲೆ ನಿಂತು ನಾವೇ ಬುಡಮಟ್ಟ ಕೊಯ್ತೀವಿ. ಕೋಪೆಲ್ ಹೋದಾಗ ಗೇಣುದ್ದ ಇತ್ತೋ ಇಲ್ವೋ."

"ಹೌದು ಗುರುಗಳೇ," ಎಂದ ಯೆರುಖಾಮ್. "ಅವತ್ತು ಬೋಳಾಗಿತ್ತು. ನಾನೇ ಸಾಕ್ಷಿ. ಬರ್ಕೊಳ್ಳಿ, ಮುಗೀತು."

ಬರೆದುಬಿಡಬಹುದಿತ್ತು. ಆದರೆ ಅನುಮತಿ ಊರ್ಜಿತವಾಗಲು ಬೇರೆ ಊರುಗಳ ಇಬ್ಬರು ರಬ್ಬಿಗಳ ಒಪ್ಪಿಗೆಯೂ ಬೇಕು. ಅವರು ಜೊಂಡಿನ ವಿಷಯ ಕೇಳಿಯೇ ಕೇಳುತ್ತಾರೆ. ಅರೆಬರೆ ಅನುಮತಿಯಿಂದ ಮದುವೆಯಾದವಳ ಮಕ್ಕಳ ಮೇಲೆ ನಾಳೆ ಯಾರಾದರೂ ಬೆರಳೆತ್ತಿದರೆ ಉತ್ತರ ಹೇಳುವವರಾರು?

"ನಂಬ್ತೀನಿ ಮಗಳೇ, ಇಬ್ಬರನ್ನೂ ನಂಬ್ತೀನಿ. ಆದರೆ ಒಂದ್ಸಲ ಬರೀ ಕಿವಿಯಿಂದ ತೀರ್ಪು ಬರೆದು ನಿನ್ನನ್ನ ಕಟ್ಟಿಹಾಕಿದೆ. ಬಿಚ್ಚುವಾಗ ಕಣ್ಣೂ ಬೇಕು. ವಸಂತಕ್ಕೆ ಮತ್ತೆ ಹತ್ತಿ ಬರ್ತೀನಿ. ಬದುಕಿದ್ರೆ."

ಹಿಂಡಾ ಆ ಮೂಲೆಯತ್ತ ತಿರುಗಿ, ಚಾಪೆಗೆ ಜೊಂಡು ಅಳೆಯುವವಳಂತೆ ಕಣ್ಣು ಕಿರಿದು ಮಾಡಿದಳು.

"ವಸಂತ ಯಾಕೆ? ಕುಡುಗೋಲು ಇದೆಯಲ್ಲ."

ಮಾರನೆಯ ದಿನದಿಂದ ಅವಳು ಸೊಂಟಮಟ್ಟದ ತಣ್ಣೀರಿನಲ್ಲಿ ನಿಂತು ಕೊಯ್ದಳು. ಹಸಿ ಜೊಂಡು ಚಾಪೆಗೆ ಬಾರದೆಂದು ಹೆಂಗಸರು ಹಾಸ್ಯ ಮಾಡಿದರು. ಕಾರಣ ತಿಳಿದ ಮೇಲೆ ಇಬ್ಬರು ತಮ್ಮ ಕುಡುಗೋಲು ತಂದರು. ನೋತೆಯೂ ಬಂದ. "ನೀನು ದೂರ ಇರು ಮಾರಾಯ," ಎಂದು ಹಿಂಡಾ ಅವನನ್ನು ಅಟ್ಟಿದಳು, "ಇದು ಕೋಪೆಲನಿಗಾಗಿ ಮಾಡೋ ಕೆಲಸ." ಶನಿವಾರ, ಕೆಲಸ ಮಾಡಬಾರದ ಸಬ್ಬತ್ತಿನ ದಿನ, ಕುಡುಗೋಲು ಗೂಟಕ್ಕೆ ತೂಗಿತು. ಭಾನುವಾರ ಉಳಿದದ್ದೂ ಉರುಳಿತು.

ಹೊಸವರ್ಷದ ಎಂಟನೆಯ ದಿನ ರಬ್ಬಿ ಮತ್ತೆ ಗುಡ್ಡ ಹತ್ತಿದರು. ಈ ಬಾರಿ ಏಳು ಕಡೆ ನಿಂತರು. ಬಿಳಿಯ ಚುಕ್ಕೆ ದೋಣಿಕಟ್ಟೆ, ದಿಣ್ಣೆ, ಹುಲ್ಲುಗಾವಲು ದಾಟಿ ಉತ್ತರದ ಮೂಲೆಗೆ ಬಂತು. ಬೋಳು ದಡದ ಮೇಲೆ ಒಂದು ಹೆಜ್ಜೆಯೂ ಕಳೆದುಹೋಗದೆ ನಡೆಯಿತು, ಪೂರ್ವದ ಬಂಡೆಗಳನ್ನು ಬಳಸಿತು, ಹೊರಟ ಕಲ್ಲಿಗೇ ಬಂದು ನಿಂತಿತು. ರಬ್ಬಿ ಆಮೇಲಷ್ಟೇ ಕಣ್ಣೊರೆಸಿಕೊಂಡರು.

ಪ್ರಾಯಶ್ಚಿತ್ತದ ಮಹಾದಿನ ತೊಡಗುವ ಮುನ್ನ, ಸಭಾಮಂದಿರ ಕಿಕ್ಕಿರಿದಿದ್ದಾಗ, ಅವರು ಎಲ್ಲರ ಮುಂದೆ ನಿಂತು ಹೇಳಿದರು: "ನಾನು ಕೂತ ಜಾಗದಿಂದಲೇ ಲೋಕ ಅಳೆದೆ. ಸಾಕ್ಷಿ ನಿಂತ ಜಾಗಕ್ಕೆ ಹೋಗಲಿಲ್ಲ. ಹಿಂಡಾಳ ನಾಲ್ಕು ವರ್ಷ ನನ್ನ ತಪ್ಪು." ಇಬ್ಬರು ರಬ್ಬಿಗಳಿಗೆ ಕಳಿಸಿದ ಪತ್ರದ ಮೊದಲ ಸಾಲೂ ಅದೇ ಆಗಿತ್ತು.

ಎರಡನೆಯ ರಬ್ಬಿಯ ಒಪ್ಪಿಗೆ ಬಂದ ದಿನ ಮೊದಲ ಹಿಮ ಬಿದ್ದಿತ್ತು. ಪತ್ರ ಹಿಡಿದು ರಬ್ಬಿ ತಾವೇ ಹೋದರು, ಗಿಟ್ಟೆಲ್ ಜೊತೆಗೆ ಬಂದಳು. ಹಿಂಡಾ ಪೂರ್ತಿ ಕೇಳಿದಳು, ಆದರೆ ನಗಲಿಲ್ಲ.

"ಹಾಗಾದ್ರೆ ಕೋಪೆಲ್ ಸತ್ತ."

"ಹೌದು ಮಗಳೇ."

"ಈಗ ನಾನೇನ್ ಮಾಡ್ಬೇಕು?"

"ಪಾದರಕ್ಷೆ ತೆಗೆದು ನೆಲದ ಮೇಲೆ ಕೂರು. ಇಷ್ಟು ತಡವಾಗಿ ಬಂದ ಸಾವಿನ ಸುದ್ದಿಗೆ ಶೋಕ ಒಂದು ಗಂಟೆ."

"ಒಂದೇ ಗಂಟೆನಾ?"

"ಶಾಸ್ತ್ರ ಕೇಳೋದು ಅಷ್ಟೇ. ಉಳಿದದ್ದನ್ನ ನೀನು ಮೊದಲೇ ಕೊಟ್ಟಿದೀಯ."

ಅವಳು ಕೂತಳು. ಆಗ ಅವಳಿಗೆ ಅಳು ಬಂತು, ನಾಲ್ಕು ವರ್ಷ ಯಾವ ಹೆಸರಿನಲ್ಲೂ ಅಳಲು ಹಕ್ಕಿಲ್ಲದಿದ್ದ ಅಳು. ಗಿಟ್ಟೆಲ್ ಅವಳ ಬೆನ್ನಿಗೆ ಕೈಯಿಟ್ಟಳು. ರಬ್ಬಿಗೆ ಕೆಳಗೆ ಕೂರಬೇಕೆಂಬ ವಿಧಿಯಿರಲಿಲ್ಲ. ಆದರೂ ಗೋಡೆ ಹಿಡಿದು, ಬಾಗದ ಮೊಣಕಾಲುಗಳನ್ನು ಬಾಗಿಸಿ, ಚಾಪೆಯ ಅಂಚಿನಲ್ಲಿ ಕೂತು ಗಂಟೆ ಪೂರ್ತಿ ಕಾದರು.

"ಏಳು ಮಗಳೇ. ಪಾದರಕ್ಷೆ ಹಾಕ್ಕೋ."

ಹಿಂಡಾ ಎದ್ದು ಪಾದರಕ್ಷೆ ಮೆಟ್ಟಿಕೊಂಡಳು. ನೆಲದಿಂದ ಏಳಲಾಗದೆ ತಡವರಿಸುತ್ತಿದ್ದ ರಬ್ಬಿಯನ್ನು ಗಿಟ್ಟೆಲ್ ತೋಳು ಹಿಡಿದು ನಿಲ್ಲಿಸಿದಳು. ಉರುಳಿಬಿದ್ದಿದ್ದ ಊರುಗೋಲನ್ನು ಹಿಂಡಾ ಎತ್ತಿ ಅವರ ಕೈಗೆ ಕೊಟ್ಟಳು.